ಹೊಸ ಕಾರಿನ ಚಾಸಿ: ನಂಬರ್ ಬೀಳುವ ಮೊದಲು ನೋಡಬೇಕಾದ್ದು

ದಾವಣಗೆರೆ ಜಿಲ್ಲೆಯಲ್ಲಿ ಐಷಾರಾಮಿ ಕಾರು ಕೊಳ್ಳುವವರು ಈಗ ಮೊದಲಿನಂತೆ ಬೆರಳೆಣಿಕೆಯವರಲ್ಲ. ಅಕ್ಕಿ ಗಿರಣಿಯ ಮಾಲೀಕರು, ಚನ್ನಗಿರಿ ಭಾಗದ ಅಡಿಕೆ ಬೆಳೆಗಾರರು, ಮೆಕ್ಕೆಜೋಳದ ವರ್ತಕರು, ನರ್ಸಿಂಗ್ ಹೋಂ ನಡೆಸುವ ವೈದ್ಯರು, ಇವರ ಮನೆಗಳ ಮುಂದೆ ಅರವತ್ತು ಲಕ್ಷದಿಂದ ಹಿಡಿದು ಕೋಟಿ ದಾಟುವ ಕಾರುಗಳು ನಿಲ್ಲುತ್ತಿವೆ. ಇಷ್ಟು ಹಣ ಸುರಿದು ಕೊಳ್ಳುವವರು ಡೆಲಿವರಿಯ ದಿನ ಷೋರೂಮಿನಲ್ಲಿ ಬಣ್ಣ, ಸೀಟಿನ ಚರ್ಮ, ಪರದೆ, ಸನ್‌ರೂಫ್ ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಆದರೆ ಅದೆಲ್ಲವನ್ನೂ ಹೊತ್ತು ನಿಂತಿರುವ ಚಾಸಿಯನ್ನು, ಅದಕ್ಕೆ ಜೋಡಿಸಿದ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಉಪಚೌಕಟ್ಟು), ಆರ್ಮ್ (ಚಕ್ರವನ್ನು ಅದಕ್ಕೆ ಕೂಡಿಸುವ ತೋಳು), ಬುಷ್ (ಕೀಲಿನ ರಬ್ಬರು), ಶಾಕ್ ಅಬ್ಸಾರ್ಬರುಗಳನ್ನು ಬಗ್ಗಿ ನೋಡುವವರು ತೀರಾ ಕಡಿಮೆ. ವೀಲ್ ಅಲೈನ್‌ಮೆಂಟ್ ಮತ್ತು ಸಸ್ಪೆನ್ಷನ್ ಕೆಲಸವನ್ನೇ ನಂಬಿ ಬದುಕುತ್ತಿರುವ ನಾನು, ಪರಿಚಯದವರು ಕರೆದಾಗ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಅವರ ಹೊಸ ಕಾರನ್ನು ಡೆಲಿವರಿಗೆ ಮೊದಲು ಪರೀಕ್ಷಿಸಿ ಕೊಡುತ್ತೇನೆ. ಆ ಕೆಲಸದಿಂದ ನನ್ನಲ್ಲಿ ಗಟ್ಟಿಯಾಗಿ ಬೇರೂರಿದ ಅಭಿಪ್ರಾಯವೊಂದಿದೆ. ಹೊಸ ಕಾರಿನ ಚಾಸಿಗೆ ಪೆಟ್ಟು ಬೀಳುವುದು ಬಹುಪಾಲು ಕಾರ್ಖಾನೆಯ ಗೇಟು ದಾಟಿದ ಮೇಲೆ, ಗಿರಾಕಿಯ ಕೈ ಸೇರುವ ತನಕದ ದಾರಿಯಲ್ಲಿ. ಹಾಗಾಗಿ ಪರೀಕ್ಷಿಸುವವನು ಆ ದಾರಿಯ ಗುರುತುಗಳನ್ನೇ ಹುಡುಕಬೇಕು, ಮತ್ತು ಕಾರು ನೋಂದಣಿಯಾಗುವ ಮೊದಲೇ ಹುಡುಕಬೇಕು.

ಆ ದಾರಿ ಸಣ್ಣದೇನೂ ಅಲ್ಲ. ಮರ್ಸಿಡಿಸ್ ಕಾರುಗಳನ್ನು ಪುಣೆಯ ಬಳಿಯ ಚಾಕಣದಲ್ಲಿ, ಬಿಎಂಡಬ್ಲ್ಯು ಕಾರುಗಳನ್ನು ಚೆನ್ನೈ ಸಮೀಪ, ವೋಲ್ವೋ ಕಾರುಗಳನ್ನು ನಮ್ಮದೇ ಹೊಸಕೋಟೆಯಲ್ಲಿ ಜೋಡಿಸುತ್ತಾರೆ. ಪೂರ್ತಿಯಾಗಿ ಆಮದಾಗುವ ಮಾದರಿಗಳು ಹಡಗಿನಲ್ಲಿ ಬಂದಿಳಿಯುತ್ತವೆ. ಅಲ್ಲಿಂದ ಉದ್ದನೆಯ ಟ್ರೈಲರ್ ಏರಿ, ಇಳಿಜಾರಿನ ತಗಡಿನ ಮೇಲೆ ಹತ್ತಿಸಿ ಇಳಿಸಿಕೊಂಡು, ಪಟ್ಟಿ ಬಿಗಿಸಿಕೊಂಡು, ನೂರಾರು ಕಿಲೋಮೀಟರು ಹಂಪುಗಳ ಮೇಲೆ ಕುಲುಕಿ, ಊರಾಚೆಯ ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತು, ಯಾರ್ಡಿನ ಹುಡುಗರು ಅವಸರದಲ್ಲಿ ಹಿಂದೆ ಮುಂದೆ ತೆಗೆದಿಟ್ಟ ಮೇಲೆ ಕಾರು ಷೋರೂಮಿನ ದೀಪದ ಕೆಳಗೆ ಬರುತ್ತದೆ. ದೇಶದಲ್ಲಿ ಪರೀಕ್ಷಾ ವ್ಯವಸ್ಥೆಗೇನೂ ಕೊರತೆಯಿಲ್ಲ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಪುಣೆಯ ಎಆರ್‌ಎಐ ಸಂಸ್ಥೆ 1966ರಿಂದ ಇದೆ. ಇಂದೋರ್ ಬಳಿಯ ಪೀತಂಪುರದ ನ್ಯಾಟ್ರಾಕ್ಸ್ ವಾಹನ ಪರೀಕ್ಷಾ ಕೇಂದ್ರದಲ್ಲಿ 11.3 ಕಿಲೋಮೀಟರ್ ಉದ್ದದ ಅತಿವೇಗದ ಟ್ರ್ಯಾಕ್ 2021ರಲ್ಲಿ ಉದ್ಘಾಟನೆಯಾಯಿತು. ಆದರೆ ಅಂಥ ಕಡೆ ಪಾಸಾಗುವುದು ಒಂದು ಮಾದರಿ. ಅದೇ ಮಾದರಿಯ ಯಾವ ಕಾರು ಟ್ರೈಲರಿನಿಂದ ಇಳಿಯುವಾಗ ತಗಡಿನ ಅಂಚಿಗೆ ಚಕ್ರ ಬಡಿದುಕೊಂಡಿತು ಎಂಬುದು ಆ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ.

ಚಾಸಿ ಎಂದಾಗ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಲಾರಿಯ ಎರಡು ಉದ್ದನೆಯ ಉಕ್ಕಿನ ತೊಲೆಗಳು. ಮರ್ಸಿಡಿಸ್ ಜಿ ಕ್ಲಾಸ್, ಲ್ಯಾಂಡ್ ಕ್ರೂಸರ್‌ನಂಥ ಕೆಲವು ವಾಹನಗಳು ಇಂದಿಗೂ ಅಂಥ ಏಣಿ ಚಾಸಿಯ ಮೇಲೆಯೇ ನಿಂತಿವೆ. ಉಳಿದ ಐಷಾರಾಮಿ ಕಾರುಗಳಲ್ಲಿ ಬಾಡಿ ಮತ್ತು ಚಾಸಿ ಬೇರೆ ಬೇರೆಯಲ್ಲ; ನೆಲದ ತಗಡು, ಕಂಬಗಳು, ಚಾವಣಿ ಸೇರಿ ಒಂದೇ ಗೂಡಾಗಿ ಭಾರ ಹೊರುತ್ತವೆ. ಈ ಗೂಡಿನ ಲೋಹವೂ ಒಂದೇ ಬಗೆಯದಲ್ಲ. ಆಡಿ ಎ8 1994ರಲ್ಲಿ ಅಲ್ಯೂಮಿನಿಯಂ ಗೂಡಿನೊಂದಿಗೆ ಬಂತು; 2003ರ ಬಿಎಂಡಬ್ಲ್ಯು 5 ಸೀರೀಸ್‌ನಲ್ಲಿ ಮುಂಭಾಗ ಮಾತ್ರ ಅಲ್ಯೂಮಿನಿಯಂ ಆಗಿ ಹಿಂದಿನ ಉಕ್ಕಿಗೆ ಅಂಟು ಮತ್ತು ರಿವೆಟ್‌ನಿಂದ ಬೆಸೆದುಕೊಂಡಿತು; 2012ರ ರೇಂಜ್ ರೋವರ್ ಪೂರ್ತಿ ಅಲ್ಯೂಮಿನಿಯಂ ಗೂಡನ್ನು ತಂದಿತು. ಮಧ್ಯದ ಕಂಬಕ್ಕೆ ಬಳಸುವ, ಕಾಯಿಸಿ ಅಚ್ಚೊತ್ತಿದ ಬೋರಾನ್ ಉಕ್ಕಿನ ಬಲ ಸುಮಾರು 1500 ಮೆಗಾಪ್ಯಾಸ್ಕಲ್. ಅದಕ್ಕೆ ಗ್ಯಾಸ್ ಹಿಡಿದು ಟಿಂಕರಿಂಗ್ ಮಾಡಿದರೆ ಆ ಬಲ ಅಲ್ಲಿಗೆ ಹೋದಂತೆಯೇ. ಹಳೆಯ ಕಾರಿನ ಚಾಸಿಯನ್ನು ಎಳೆದು, ಕಾಯಿಸಿ, ನೇರ ಮಾಡಬಹುದಿತ್ತು. ಇಂದಿನ ದುಬಾರಿ ಕಾರಿನಲ್ಲಿ ಅನೇಕ ಭಾಗಗಳನ್ನು ಕತ್ತರಿಸಿ ಹೊಸದು ಕೂರಿಸುವುದೊಂದೇ ಸರಿಯಾದ ದಾರಿ. ಡೆಲಿವರಿಗೆ ಮೊದಲು ನೋಡುವುದರ ಬೆಲೆ ಇಷ್ಟು ಹೆಚ್ಚಾಗಿರುವುದು ಇದೇ ಕಾರಣಕ್ಕೆ.

ಇಲ್ಲಿ ಮುಹೂರ್ತದ ಮಾತು ಹೇಳಲೇಬೇಕು. ವಿಜಯದಶಮಿ, ಅಕ್ಷಯ ತೃತೀಯ, ಇಲ್ಲವೇ ಮನೆಯ ಪುರೋಹಿತರು ಹೇಳಿದ ಗಳಿಗೆಗೆ ಕಾರು ದುಗ್ಗಮ್ಮನ ಗುಡಿಯ ಮುಂದೆ ನಿಂತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಬೇಕೆಂದು ಮನೆಮಂದಿ ಬಯಸುತ್ತಾರೆ. ಆ ಬಯಕೆಯನ್ನು ನಾನು ಗೌರವಿಸುತ್ತೇನೆ; ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ಮುಹೂರ್ತದ ದಿನವೇ ಪರೀಕ್ಷೆ ಇಟ್ಟುಕೊಂಡರೆ ಪರೀಕ್ಷೆ ನಡೆಯುವುದಿಲ್ಲ. ಹಾರ ತಂದಾಗಿದೆ, ನೆಂಟರು ಬಂದಾಗಿದೆ, ಷೋರೂಮಿನವರು ಕೇಕ್ ತಂದಿಟ್ಟಿದ್ದಾರೆ. ಅಂಥ ಹೊತ್ತಿನಲ್ಲಿ ಕಾರನ್ನು ಲಿಫ್ಟ್ ಮೇಲೆ ಎತ್ತಿ ಎಂದು ಯಾರೂ ಕೇಳುವುದಿಲ್ಲ. ಇದಕ್ಕೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 42ನೇ ನಿಯಮದಂತೆ, ತಾತ್ಕಾಲಿಕವಾಗಿಯೋ ಕಾಯಂ ಆಗಿಯೋ ನೋಂದಣಿಯಾಗದ ವಾಹನವನ್ನು ಡೀಲರ್ ಗಿರಾಕಿಗೆ ಒಪ್ಪಿಸುವಂತಿಲ್ಲ. ಅಂದರೆ ಡೆಲಿವರಿಯ ದಿನ ನಿಮ್ಮೆದುರು ನಿಂತಿರುವ ಕಾರು ಆಗಲೇ ನಿಮ್ಮ ಹೆಸರಿಗೆ ಬಿದ್ದಿರುತ್ತದೆ, ಸಾಮಾನ್ಯವಾಗಿ ರಸ್ತೆ ತೆರಿಗೆಯೂ ಕಟ್ಟಿ ಆಗಿರುತ್ತದೆ. ಆಗ ಸಿಕ್ಕ ದೋಷಕ್ಕೆ ರಿಪೇರಿಯ ಭರವಸೆ ಸಿಗುತ್ತದೆಯೇ ಹೊರತು ಬೇರೆ ಕಾರು ಸಿಗುವುದು ಬಲು ಕಷ್ಟ. ಚಾಸಿ ನಂಬರ್ ನಿಮಗೆ ಹಂಚಿಕೆಯಾದ ಮೇಲೆ, ಆದರೆ ತೆರಿಗೆ ಕಟ್ಟುವ ಮೊದಲು, ಡೀಲರಿನ ವರ್ಕ್‌ಷಾಪಿನಲ್ಲಿ ಅರ್ಧ ದಿನ ಸಮಯ ಕೇಳಿ. ಬುಕಿಂಗ್ ಮಾಡುವಾಗಲೇ ಇದನ್ನು ಇಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆದಿದ್ದರೆ ಆಮೇಲೆ ವಾದ ಬೇಕಾಗುವುದಿಲ್ಲ.

ಪರೀಕ್ಷೆ ಶುರುವಾಗುವುದು ನೆಲದ ಮೇಲೆ. ಹದಿನೇಳು ಅಕ್ಷರಗಳ ಚಾಸಿ ನಂಬರನ್ನು ಕಾರಿನ ಮೇಲೆ ಕೊರೆದ ಜಾಗದಲ್ಲಿಯೇ ಓದಿ ಇನ್‌ವಾಯ್ಸಿಗೆ ತಾಳೆ ನೋಡಬೇಕು. ನಾಲ್ಕೂ ಟೈರುಗಳ ಪಕ್ಕದ ನಾಲ್ಕಂಕಿಯ ತಾರೀಖು ನೋಡಬೇಕು. 1425 ಎಂದಿದ್ದರೆ 2025ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಮೂರು ಟೈರುಗಳ ತಾರೀಖು ಆಸುಪಾಸಿನಲ್ಲಿದ್ದು ಒಂದರದ್ದು ಮಾತ್ರ ತಿಂಗಳುಗಟ್ಟಲೆ ದೂರವಿದ್ದರೆ, ಆ ಚಕ್ರಕ್ಕೆ ಏನಾಯಿತೆಂದು ಕೇಳುವ ಹಕ್ಕು ನಿಮಗಿದೆ, ಆ ಮೂಲೆಯ ಆರ್ಮು ಬುಷ್‌ಗಳನ್ನು ಹೆಚ್ಚು ಹೊತ್ತು ನೋಡುವ ಕೆಲಸ ನನ್ನದು. ಸಾಗಣೆಯಲ್ಲಿ ಟೈರು ಒಂದೇ ಕಡೆ ಚಪ್ಪಟೆಯಾಗದಿರಲೆಂದು ಗಾಳಿಯನ್ನು ನಿಗದಿಗಿಂತ ಬಹಳ ಹೆಚ್ಚು ತುಂಬಿ ಕಳಿಸುತ್ತಾರೆ. ಅದನ್ನು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನ ಅಳತೆಗೆ ಇಳಿಸದೆ ಓಡಿಸಿ ನೋಡಿದರೆ ಸಸ್ಪೆನ್ಷನ್ ಬಗ್ಗೆ ಏನೂ ತಿಳಿಯುವುದಿಲ್ಲ. ಇದೇ ಬಗೆಯ ಇನ್ನೊಂದು ವಸ್ತುವೆಂದರೆ ಸ್ಪ್ರಿಂಗಿನ ಸುತ್ತುಗಳ ನಡುವೆ ಸಾಗಣೆಗೆಂದು ಸಿಕ್ಕಿಸುವ ದಪ್ಪನೆಯ ತುಂಡು. ಟ್ರೈಲರ್ ಮೇಲೆ ಕಾರು ಮೇಲೆ ಕೆಳಗೆ ಕುಣಿಯದಿರಲಿ, ಪಟ್ಟಿ ಸಡಿಲವಾಗದಿರಲಿ ಎಂದು ಕೆಲವು ಕಾರುಗಳಿಗೆ ಅದನ್ನು ಹಾಕಿ ಕಳಿಸುತ್ತಾರೆ. ಡೆಲಿವರಿಗೆ ಮೊದಲು ತೆಗೆಯಬೇಕು. ತೆಗೆಯದೆ ಉಳಿದ ತುಂಡಿನೊಂದಿಗೆ ಹಂಪ್ ಹಾರಿಸಿದರೆ ಸ್ಪ್ರಿಂಗ್ ಮಡಿಯಲಾಗದೆ ಪೆಟ್ಟೆಲ್ಲ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಮೌಂಟಿಗೆ ಹೋಗುತ್ತದೆ. ಚಕ್ರದ ಕಮಾನಿನೊಳಗೆ ಟಾರ್ಚ್ ಹಿಡಿದು ನಾಲ್ಕೂ ಸ್ಪ್ರಿಂಗುಗಳನ್ನು ನೋಡಲು ಐದು ನಿಮಿಷ ಸಾಕು.

ಆಮೇಲೆ ನಿಲುವಿನ ಎತ್ತರ. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ಹಿಡಿಯಬೇಕು. ಒಂದೇ ಆಕ್ಸಲ್ಲಿನ ಎಡಬಲಗಳ ನಡುವೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಾರಣ ಸಿಗುವ ತನಕ ಮುಂದೆ ಹೋಗಬಾರದು. ಗಾಳಿ ಸಸ್ಪೆನ್ಷನ್ ಇರುವ ಕಾರಾದರೆ ಸಂಜೆ ಅಳೆದು, ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಬಾಗಿಲು ಕೂಡ ತೆಗೆಯದೆ ಮತ್ತೆ ಅಳೆಯಬೇಕು. ರಾತ್ರಿಯಲ್ಲಿ ಒಂದು ಮೂಲೆ ಇಳಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.

ಇನ್ನು ಲಿಫ್ಟ್. ಈ ಪರೀಕ್ಷೆಯ ಜೀವ ಇರುವುದು ಇಲ್ಲಿಯೇ. ದುಬಾರಿ ಕಾರುಗಳ ಹೊಟ್ಟೆಯಡಿ ಗಾಳಿ ಸಲೀಸಾಗಿ ಹರಿಯಲೆಂದು ಪ್ಲಾಸ್ಟಿಕ್ ಹಾಳೆಗಳನ್ನು ಮುಚ್ಚಿರುತ್ತಾರೆ, ಆದ್ದರಿಂದ ಬರಿದೇ ಎತ್ತಿ ನೋಡಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮಾತ್ರ. ಆ ಹಾಳೆಗಳನ್ನು ಬಿಚ್ಚಿಸಲೇಬೇಕು. ಡೀಲರಿನವರು ಬೇಸರಿಸಿದರೂ ನಾನು ಇದರಲ್ಲಿ ರಾಜಿಯಾಗುವುದಿಲ್ಲ. ಬೆಳಕನ್ನು ನೇರ ಬಿಡದೆ ಓರೆಯಾಗಿ ಹಿಡಿದು, ಮೊದಲು ಜಾಕ್ ಕೊಡುವ ನಾಲ್ಕು ಜಾಗಗಳನ್ನು ನೋಡುತ್ತೇನೆ. ಯಾರ್ಡಿನಲ್ಲಿ ಟ್ರಾಲಿ ಜಾಕನ್ನು ಎಲ್ಲೆಂದರಲ್ಲಿ ಕೊಟ್ಟು ಎತ್ತಿದ್ದರೆ ಅಲ್ಲಿನ ಬೆಸುಗೆಯ ಅಂಚು ಮಡಿಚಿರುತ್ತದೆ, ಅದರ ಮೇಲಿನ ಸೀಲಂಟ್ ಬಿರಿದಿರುತ್ತದೆ. ಇಂದು ಅದು ಸಣ್ಣ ಮಡಿಕೆ. ಎರಡು ಮಳೆಗಾಲ ಕಳೆದ ಮೇಲೆ ತುಕ್ಕು ಒಳಗಿನಿಂದ ತಿನ್ನಲು ಶುರು ಮಾಡುವುದು ಅಲ್ಲಿಂದಲೇ. ಆಮೇಲೆ ಬ್ರೇಕ್ ಪೈಪುಗಳು, ಶಾಕ್ ಅಬ್ಸಾರ್ಬರಿನ ಎಣ್ಣೆಯ ಕಲೆ, ಬುಷ್‌ಗಳ ರಬ್ಬರು.

ಬುಷ್‌ಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಲೋಯರ್ ಆರ್ಮಿನ ಬುಷ್ ಬೋಲ್ಟನ್ನು ಕಾರು ತನ್ನ ಕಾಲ ಮೇಲೆ ನಿಂತ ಎತ್ತರದಲ್ಲಿರುವಾಗ ಬಿಗಿಸಬೇಕು; ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿಸಿದರೆ, ಕಾರನ್ನು ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡೇ ಕೂರುತ್ತದೆ ಮತ್ತು ಬೇಗ ಹರಿಯುತ್ತದೆ. ಕಾರ್ಖಾನೆಯಲ್ಲಿ ಈ ತಪ್ಪು ನಡೆಯುವುದು ಅಪರೂಪ. ಸಾಗಣೆಯಲ್ಲಿ ಏನೋ ಆಗಿ ಯಾರ್ಡಿನಲ್ಲಿ ಸದ್ದಿಲ್ಲದೆ ಆರ್ಮ್ ಬದಲಿಸಿದ್ದರೆ ನಡೆಯುತ್ತದೆ. ಹಾಗಾಗಿ ತಿರುಚಿದ ಬುಷ್ ಕಂಡರೆ ನಾನು ಬೋಲ್ಟಿನ ತಲೆ ನೋಡುತ್ತೇನೆ. ಕಾರ್ಖಾನೆಯಲ್ಲಿ ಬಿಗಿಸಿದ ಮೇಲೆ ಬೋಲ್ಟಿಗೂ ಪಕ್ಕದ ಲೋಹಕ್ಕೂ ಸೇರಿಸಿ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆಯ ಎರಡು ತುಂಡುಗಳು ಒಂದಕ್ಕೊಂದು ಕೂಡದಿದ್ದರೆ ಆ ಬೋಲ್ಟನ್ನು ಯಾರೋ ಬಿಚ್ಚಿದ್ದಾರೆ. ಅಲ್ಯೂಮಿನಿಯಂ ಆರ್ಮುಗಳ ಅನೇಕ ಬೋಲ್ಟುಗಳು ಒಂದೇ ಸಲ ಬಳಸುವಂಥವು, ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಹಳೆಯದನ್ನೇ ತಿರುಗಿಸಿ ಕೂರಿಸಿದ್ದಾರೆಯೇ ಎಂಬುದನ್ನು ಸ್ಪ್ಯಾನರ್ ಹಿಡಿದ ಗುರುತು ಹೇಳುತ್ತದೆ.

ಚನ್ನಗಿರಿ ಕಡೆಯ ಗೌಡರೊಬ್ಬರ ಜೊತೆ ಬೆಂಗಳೂರಿನ ಹೊರವಲಯದ ವರ್ಕ್‌ಷಾಪಿಗೆ ಹೋಗಿದ್ದಾಗ ಕಂಡದ್ದನ್ನು ಇಲ್ಲಿ ಹೇಳುವುದು ಉಪಯುಕ್ತ. ಯಾವ ಕಂಪನಿ, ಯಾವ ಡೀಲರ್ ಎಂಬುದು ಈ ಬರಹಕ್ಕೆ ಬೇಕಿಲ್ಲ. ದೊಡ್ಡ ಸೆಡಾನ್, ಮೇಲಿನಿಂದ ನೋಡಿದರೆ ಒಂದು ಕೂದಲೆಳೆಯ ಗೀರೂ ಇಲ್ಲ. ಹಾಳೆ ಬಿಚ್ಚಿಸಿ ಮುಂದಿನ ಸಬ್‌ಫ್ರೇಮಿನ ಬೋಲ್ಟುಗಳ ಮೇಲೆ ಬೆಳಕು ಹಾಯಿಸಿದಾಗ, ಒಂದು ವಾಷರಿನ ಪಕ್ಕದಲ್ಲಿ ಬಣ್ಣವಿಲ್ಲದ ಬರಿಯ ಲೋಹ, ಬಿದಿಗೆ ಚಂದ್ರನಂತೆ, ತೆಳ್ಳಗೆ ಹೊಳೆಯುತ್ತಿತ್ತು.

“ಏನೈತಿ ಅಲ್ಲಿ?” ಎಂದು ಗೌಡರು ಕೇಳಿದರು.

“ಇಲ್ನೋಡ್ರಿ ಗೌಡ್ರೆ, ವಾಷರ್ ಮೊದ್ಲು ಈ ಹೊಳೆಯೋ ಜಾಗದ ಮೇಲೆ ಕುಂತಿತ್ತು. ಈಗ ಮೂರು ಎಂಎಂ ಆ ಕಡಿಗೆ ಹೋಗೇತಿ.”

“ಯಾರಾದ್ರೂ ಬಿಚ್ಚಿ ಹಾಕ್ಯಾರೇನು?”

“ಬಿಚ್ಚಿಲ್ಲ. ಬೋಲ್ಟಿನ ತಲೆ ಮ್ಯಾಲಿನ ಹಳದಿ ಗೆರೆ ತಿರುಗಿಲ್ಲ ನೋಡ್ರಿ. ಬಿಚ್ಚದೇನ ಜರುಗೇತಿ ಅಂದ್ರೆ ಪಕ್ಕದಿಂದ ಪೆಟ್ಟು ಬಿದ್ದೇತಿ.”

ಅಲ್ಲಿದ್ದ ಯುವ ಟೆಕ್ನಿಶಿಯನ್ ಬಲು ಮರ್ಯಾದೆಯಿಂದಲೇ, “ಸರ್, ಇದು ಸೆಟ್ಟಿಂಗ್ ಅಷ್ಟೇ, ಅಲೈನ್‌ಮೆಂಟ್ ಮಾಡಿ ಕೊಟ್ಟುಬಿಡ್ತೀವಿ” ಎಂದ. ಹಾಗೆ ಮಾಡಿಬಿಟ್ಟರೆ ಏನಾಗುತ್ತಿತ್ತು ಎಂಬುದನ್ನು ವಿವರಿಸಬೇಕು, ಏಕೆಂದರೆ ಗಿರಾಕಿಗಳು ಮೋಸ ಹೋಗುವ ಜಾಗ ಇದೇ.

ಅಲೈನ್‌ಮೆಂಟ್ ಎಂದರೆ ಬಹಳ ಮಂದಿಗೆ ಗೊತ್ತಿರುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಅದನ್ನು ಟೈ ರಾಡ್ ತಿರುಗಿಸಿ ಸರಿಮಾಡಬಹುದು, ಮಾಡಿದ ಕೂಡಲೇ ಸ್ಟೇರಿಂಗ್ ನೇರವಾಗುತ್ತದೆ, ಪರದೆಯ ಮೇಲೆ ಎಲ್ಲ ಹಸಿರಾಗುತ್ತದೆ. ಆದರೆ ದೋಷದ ಮೂಲ ತಿಳಿಯಬೇಕಾದರೆ ಬೇರೆ ಎರಡು ಕೋನಗಳನ್ನು ಒಟ್ಟಿಗೆ ಓದಬೇಕು. ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಎಂಬುದು ಕ್ಯಾಂಬರ್. ಚಕ್ರ ತಿರುಗುವ ಅಕ್ಷ, ಅಂದರೆ ಮೇಲಿನ ಮೌಂಟಿನಿಂದ ಕೆಳಗಿನ ಬಾಲ್ ಜಾಯಿಂಟಿಗೆ ಎಳೆದ ಗೆರೆ, ಎಷ್ಟು ಒಳಕ್ಕೆ ಒರಗಿದೆ ಎಂಬುದು ಕಿಂಗ್‌ಪಿನ್ ಕೋನ. ಈ ಎರಡರ ಮೊತ್ತವನ್ನು ಎಡಕ್ಕೂ ಬಲಕ್ಕೂ ಹೋಲಿಸಿ ನೋಡಬೇಕು. ಶಾಕ್ ಅಬ್ಸಾರ್ಬರಿನ ಕಂಬವೋ ಚಕ್ರವನ್ನು ಹಿಡಿದಿಡುವ ನಕಲ್ ಎಂಬ ಭಾಗವೋ ಬಾಗಿದ್ದರೆ ಆ ಬದಿಯ ಮೊತ್ತ ಕೆಡುತ್ತದೆ. ಸಬ್‌ಫ್ರೇಮ್ ಪಕ್ಕಕ್ಕೆ ಜರುಗಿದ್ದರೆ ಮೊತ್ತ ಕೆಡುವುದಿಲ್ಲ. ಬದಲಿಗೆ ಒಂದು ಬದಿಯಲ್ಲಿ ಕ್ಯಾಂಬರ್ ಏರಿ ಕಿಂಗ್‌ಪಿನ್ ಕೋನ ಅಷ್ಟೇ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಗೌಡರ ಕಾರಿನಲ್ಲಿ ಎಡ ಚಕ್ರದ ಕ್ಯಾಂಬರ್ ನಿಗದಿಗಿಂತ ಸುಮಾರು 20 ಮಿನಿಟ್ ಒಂದು ದಿಕ್ಕಿಗೆ, ಬಲ ಚಕ್ರದ್ದು ಹೆಚ್ಚುಕಡಿಮೆ ಅಷ್ಟೇ ವಿರುದ್ಧ ದಿಕ್ಕಿಗೆ ಇತ್ತು. ಒಂದು ಡಿಗ್ರಿಗೆ 60 ಮಿನಿಟ್. ಎಡಬಲಗಳ ನಡುವೆ 30 ಮಿನಿಟ್ ಮೀರಿದರೆ ಕಾರು ಒಂದು ಕಡೆ ಎಳೆಯಲು ಸಾಕು. ಎರಡೂ ಕಡೆ ಮೊತ್ತ ಸರಿಯಾಗಿಯೇ ಇತ್ತು. ವಾಷರಿನ ಪಕ್ಕದ ಹೊಳಪು ಹೇಳಿದ್ದನ್ನೇ ಯಂತ್ರವೂ ಹೇಳಿತು. ಎಡ ಮುಂಚಕ್ರದ ರಿಮ್ಮಿನ ಒಳ ಅಂಚಿನಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ಉಜ್ಜಿದ ಗುರುತೂ ಸಿಕ್ಕಿತು.

ಅಳತೆಯ ವಿಷಯದಲ್ಲಿ ನನ್ನ ಗುರುಗಳು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆ ಮುಚ್ಚಿದರೂ, ಅಲ್ಲಿ ಕಲಿತವರು ನಮ್ಮ ಎರಡೂ ಊರುಗಳ ಗ್ಯಾರೇಜು ವರ್ಕ್‌ಷಾಪುಗಳಿಗೆ ಹಂಚಿಹೋಗಿ, ಮಿಲಿಮೀಟರಿನ ನೂರನೇ ಭಾಗವನ್ನು ಲೆಕ್ಕಕ್ಕೆ ಹಿಡಿಯುವ ಶಿಸ್ತನ್ನು ಇಲ್ಲಿ ಬಿತ್ತಿದರು. ಯಾವ ಅಳತೆಯನ್ನೂ ಬಿಚ್ಚಿ, ಮತ್ತೆ ಕೂರಿಸಿ, ಎರಡನೇ ಸಲ ತೆಗೆಯದೆ ನಂಬಬಾರದು ಎಂಬುದು ಅವರ ಕಟ್ಟುನಿಟ್ಟು. ಆದ್ದರಿಂದ ಅಲೈನ್‌ಮೆಂಟ್ ಯಂತ್ರದ ಮೊದಲ ಓದನ್ನು ಬರೆದುಕೊಂಡು, ಕಾರನ್ನು ಕೆಳಗಿಳಿಸಿ, ಹಿಂದಕ್ಕೆ ಉರುಳಿಸಿ, ಮತ್ತೆ ಹತ್ತಿಸಿ ಎರಡನೇ ಓದು ತೆಗೆಸುತ್ತೇನೆ. ಕಂಪನಿ ಹೇಳಿದ ಭಾರವನ್ನೂ ಹೇರಬೇಕು. ಬಿಎಂಡಬ್ಲ್ಯುವಿನ ಹಲವು ಮಾದರಿಗಳಲ್ಲಿ ಮುಂದಿನ ಎರಡು ಸೀಟಿಗೆ ತಲಾ 68 ಕಿಲೋ, ಹಿಂದಿನ ಸೀಟಿನ ನಡುವೆ 68 ಕಿಲೋ, ಡಿಕ್ಕಿಯಲ್ಲಿ 21 ಕಿಲೋ, ಜೊತೆಗೆ ತುಂಬಿದ ಟ್ಯಾಂಕ್ ಇಟ್ಟು ಅಳೆಯಬೇಕೆಂಬ ಕ್ರಮವಿದೆ. ಮರಳಿನ ಚೀಲ ತೂಗಿಟ್ಟುಕೊಂಡರೆ ಈ ಕೆಲಸ ಕಷ್ಟವೇನಲ್ಲ. ಖಾಲಿ ಕಾರಿನಲ್ಲಿ ತೆಗೆದ ಓದನ್ನು ಭಾರ ಹೇರಿದ ಕಾರಿನ ಕೋಷ್ಟಕಕ್ಕೆ ಹೋಲಿಸಿ ಸರಿ ಎನ್ನುವುದು ಅನೇಕ ಕಡೆ ನಡೆಯುತ್ತಿದೆ. ಅದು ಅಳತೆಯೇ ಅಲ್ಲ.

ಹಿಂದಿನ ಚಕ್ರಗಳ ದಿಕ್ಕು ಕಾರಿನ ನಡುಗೆರೆಗೆ ಹೊಂದಿದೆಯೇ ಎಂಬುದನ್ನು ಹೇಳುವ ಥ್ರಸ್ಟ್ ಕೋನಕ್ಕೆ ಈಗ ಹೊಸ ಮಹತ್ವ ಬಂದಿದೆ. ಲೇನ್ ಹಿಡಿದು ಹೋಗುವ, ಮುಂದಿನ ವಾಹನ ಕಂಡು ತಾನೇ ಬ್ರೇಕ್ ಹಾಕುವ ಕಾರುಗಳ ರೇಡಾರ್ ಮತ್ತು ಕ್ಯಾಮೆರಾಗಳನ್ನು ಹೊಂದಿಸುವುದು ಈ ಗೆರೆಯನ್ನು ಆಧಾರವಾಗಿಟ್ಟುಕೊಂಡು. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಕಾರು ಒಂದು ಕಡೆ ಹೋಗುತ್ತದೆ, ರೇಡಾರ್ ಇನ್ನೊಂದು ಕಡೆ ನೋಡುತ್ತದೆ. ಸ್ಕ್ಯಾನರ್ ಹಾಕಿದಾಗ ಸ್ಟೇರಿಂಗ್ ಕೋನದ ಸೆನ್ಸರ್, ಎತ್ತರದ ಸೆನ್ಸರ್, ಎಬಿಎಸ್ ಇವುಗಳಲ್ಲಿ ಉಳಿದಿರುವ ದೋಷದ ಕೋಡುಗಳನ್ನು ಅಳಿಸುವ ಮೊದಲು ಪ್ರಿಂಟ್ ತೆಗೆಸಿಕೊಳ್ಳಬೇಕು; ಅಳಿಸಿದ ಮೇಲೆ ಕೇಳಿ ಫಲವಿಲ್ಲ.

ಗೂಡಿನ ನೇರವನ್ನು ನೋಡಲು ನಮ್ಮ ಲಾರಿ ಮೇಸ್ತ್ರಿಗಳು ಮೊದಲಿನಿಂದಲೂ ದಾರ ಹಿಡಿದು ಚಾಸಿಯ ಅಡ್ಡಮೂಲೆಗಳನ್ನು ಅಳೆಯುತ್ತಿದ್ದರು. ಎರಡು ಕರ್ಣಗಳು ಸಮವಿದ್ದರೆ ಚಾಸಿ ಚೌಕ. ಕಾರಿನಲ್ಲಿಯೂ ತತ್ತ್ವ ಇದೇ, ದಾರದ ಬದಲು ಟ್ರ್ಯಾಮ್ ಗೇಜ್ ಎಂಬ ಅಳತೆಯ ಸಲಾಕೆ, ಮೂಲೆಯ ಬದಲು ಕಾರ್ಖಾನೆಯವರೇ ಬಿಟ್ಟಿರುವ ಆಧಾರ ತೂತುಗಳು. ಮೂರು ಮಿಲಿಮೀಟರ್ ಒಳಗಿನ ವ್ಯತ್ಯಾಸವನ್ನು ಬಾಡಿ ಕೆಲಸದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಬಣ್ಣದ ದಪ್ಪ ನೋಡುವ ಮೀಟರನ್ನು ಹೊರಗಿನ ಬಾನೆಟ್ಟಿಗಿಂತ ಒಳಗಿನ ಕಂಬ, ಬಾಗಿಲ ಸಂದು, ಶಾಕ್ ಟವರುಗಳ ಮೇಲೆ ಇಟ್ಟರೆ ಹೆಚ್ಚು ಉಪಯೋಗ. ಕಾರ್ಖಾನೆಯ ಬಣ್ಣ ಹೊರಗೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸು, ಒಳಜಾಗಗಳಲ್ಲಿ ಅದಕ್ಕೂ ಕಡಿಮೆ. ಹೊಸ ಕಾರಿನ ಕಂಬದ ಮೇಲೆ 300 ಮೈಕ್ರಾನ್ ಕಂಡರೆ ಅಲ್ಲಿ ಮರುಬಣ್ಣ ಬಿದ್ದಿದೆ, ಅದಕ್ಕೂ ಮೀರಿದರೆ ಪುಟ್ಟಿ ಇದೆ ಎಂದು ಅನುಮಾನಿಸಬೇಕು. ಉಕ್ಕನ್ನು ಮಾತ್ರ ಓದುವ ಅಗ್ಗದ ಮೀಟರುಗಳು ಅಲ್ಯೂಮಿನಿಯಂ ಮೇಲೆ ಕೆಲಸಕ್ಕೆ ಬಾರವು. ಎಲೆಕ್ಟ್ರಿಕ್ ಕಾರಾದರೆ ನೆಲದಡಿಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಒಂದು ತಗ್ಗು ಕಂಡರೂ ಆ ಕಾರನ್ನು ಒಪ್ಪಬೇಡಿ. ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ಕೊನೆಗೆ ರಸ್ತೆ. ನೋಂದಣಿಯಾಗದ ಕಾರನ್ನು ಡೀಲರಿನ ಟ್ರೇಡ್ ಸರ್ಟಿಫಿಕೇಟ್ (ಮಾರಾಟಕ್ಕಿರುವ ವಾಹನಗಳಿಗಾಗಿ ಡೀಲರಿಗೆ ಕೊಡುವ ಪರವಾನಗಿ) ನಂಬರಿನ ಮೇಲೆ, ಅವರ ಡ್ರೈವರನ್ನು ಕೂರಿಸಿಕೊಂಡೇ ಓಡಿಸಬೇಕು. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಟೈರು ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರು ಅದುರುವುದುಂಟು, ಬಿಸಿಯಾದ ಮೇಲೆ ಆ ಅದುರು ಹೋಗಬೇಕು; ಇಪ್ಪತ್ತು ಮೂವತ್ತು ಕಿಲೋಮೀಟರಾದರೂ ಉಳಿದರೆ ಟೈರು ಬದಲಿಸಿಕೊಡಲು ಕೇಳಬೇಕು. ಗಂಟೆಗೆ 80ರಿಂದ 100 ಕಿಲೋಮೀಟರ್ ವೇಗದಲ್ಲಿ ನೇರ ರಸ್ತೆಯಲ್ಲಿ ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿದರೆ ಎಳೆತ ತಿಳಿಯುತ್ತದೆ. ಆದರೆ ರಸ್ತೆ ಎಡಕ್ಕೆ ಇಳಿಜಾರಾಗಿರುವುದರಿಂದ ಯಾವ ಕಾರೂ ತುಸು ಎಡಕ್ಕೆ ಹೋಗುತ್ತದೆ, ಆದ್ದರಿಂದ ಎರಡೂ ದಿಕ್ಕಿನಲ್ಲಿ, ಬೇರೆ ಬೇರೆ ಲೇನಿನಲ್ಲಿ ಓಡಿಸಿ ತೀರ್ಮಾನಿಸಬೇಕು. ಆಮೇಲೆ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಹಂಪನ್ನು ಓರೆಯಾಗಿ ಒಂದೊಂದೇ ಚಕ್ರ ಹತ್ತುವಂತೆ ನಿಧಾನವಾಗಿ ದಾಟಬೇಕು. ಗೂಡು ತಿರುಚುವ ಆ ಕ್ಷಣದಲ್ಲಿ ಕಿರ್ ಎನ್ನುವ ಸದ್ದು, ಕಟ್ ಎನ್ನುವ ಸದ್ದು ಬರಬಾರದು. ಒಂದು ಚಕ್ರ ಎತ್ತರದ ಮೇಲಿರುವಾಗಲೇ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡುವುದು ನನ್ನ ಮೆಚ್ಚಿನ ಪರೀಕ್ಷೆ. ಗಟ್ಟಿ ಗೂಡಿನಲ್ಲಿ ಬಾಗಿಲು ಸಮನೆಲದ ಮೇಲಿದ್ದಂತೆಯೇ ಮುಚ್ಚುತ್ತದೆ. ಲಾಚ್ ಎಲ್ಲಾದರೂ ಉಜ್ಜಿದರೆ, ಆ ಬದಿಯ ಕಂಬವನ್ನು ಮತ್ತೊಮ್ಮೆ ಅಳೆಯದೆ ಸಹಿ ಹಾಕಬೇಡಿ.

ದೋಷ ಸಿಕ್ಕಾಗ ಜಗಳ ಬೇಡ, ಕಾಗದ ಬೇಕು. ಅಲೈನ್‌ಮೆಂಟ್ ಪ್ರಿಂಟ್, ಸ್ಕ್ಯಾನರ್ ಪ್ರಿಂಟ್, ತಾರೀಖು ಕಾಣುವ ಫೋಟೋ ಇವನ್ನು ಅದೇ ದಿನ ಡೀಲರಿಗೂ ಕಂಪನಿಗೂ ಇಮೇಲ್ ಮಾಡಿ, ಈ ಚಾಸಿ ನಂಬರಿನ ಕಾರನ್ನು ಒಪ್ಪುತ್ತಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಎರಡು ವರ್ಷದ ಅವಧಿಯಿದೆ, ಮತ್ತು ಪರೀಕ್ಷೆಯಿಲ್ಲದೆ ದೋಷ ತೀರ್ಮಾನವಾಗದಿದ್ದರೆ ಗ್ರಾಹಕ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ 2021ರ ನಿಯಮಗಳಂತೆ ಜಿಲ್ಲಾ ಆಯೋಗದ ವ್ಯಾಪ್ತಿ ಕೊಟ್ಟ ಬೆಲೆ 50 ಲಕ್ಷದವರೆಗೆ ಮಾತ್ರ. ಅದರಿಂದ ಎರಡು ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಎಪ್ಪತ್ತು ಲಕ್ಷದ ಕಾರಿನ ತಕರಾರನ್ನು ದಾವಣಗೆರೆಯ ಜಿಲ್ಲಾ ಆಯೋಗದಲ್ಲಿ ಹೂಡಲು ಬರುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಅಷ್ಟು ದೂರದ ದಾರಿ ಹಿಡಿಯುವ ಬದಲು ಸಹಿಗೆ ಮೊದಲು ಅರ್ಧ ದಿನ ವರ್ಕ್‌ಷಾಪಿನಲ್ಲಿ ನಿಲ್ಲುವುದು ಮೇಲು.

ಗೌಡರ ಕಾರಿನ ಸಬ್‌ಫ್ರೇಮನ್ನು ಮತ್ತೆ ನಡುವಿಗೆ ತಂದು ಹೊಸ ಬೋಲ್ಟು ಹಾಕಿ ಕೊಡುತ್ತೇವೆಂದು ಡೀಲರ್ ಮುಂದೆ ಬಂದಿದ್ದರು. ತಾಂತ್ರಿಕವಾಗಿ ಅದು ಆಗುವ ಕೆಲಸವೇ. ಆದರೆ ಸಬ್‌ಫ್ರೇಮನ್ನೇ ಜರುಗಿಸಿದ ಪೆಟ್ಟು ಸ್ಟೇರಿಂಗ್ ರ‍್ಯಾಕಿಗೂ ಬೇರಿಂಗಿಗೂ ತಾಗಿಯೇ ಹೋಗಿರುತ್ತದೆ. ಆ ಗಾಯ ಹತ್ತಿಪ್ಪತ್ತು ಸಾವಿರ ಕಿಲೋಮೀಟರಿನ ಮೇಲೆ ಸದ್ದಾಗಿ ಬರುತ್ತದೆ ಎಂದು ನಾನು ಹೇಳಿದೆ, ಗೌಡರು ತೆರಿಗೆ ಕಟ್ಟುವುದನ್ನು ತಡೆದರು. ಇಮೇಲ್ ಹೋಯಿತು, ಕಂಪನಿಯ ಎಂಜಿನಿಯರ್ ಬಂದು ಅದೇ ವಾಷರಿನ ಫೋಟೋ ತೆಗೆದುಕೊಂಡು ಹೋದರು. ಮುಂದಿನ ಮುಹೂರ್ತಕ್ಕೆ ಅದೇ ಬಣ್ಣದ, ಬೇರೆ ಚಾಸಿ ನಂಬರಿನ ಕಾರು ಹಂಚಿಕೆಯಾಯಿತು. ಅದನ್ನೂ ಹಾಳೆ ಬಿಚ್ಚಿಸಿಯೇ ನೋಡಿದೆವು. ಕ್ಯಾಂಬರ್ ಎಡಬಲಗಳ ವ್ಯತ್ಯಾಸ ಐದು ಮಿನಿಟಿನೊಳಗೆ ಇತ್ತು, ಬೋಲ್ಟುಗಳ ಗೆರೆಗಳೆಲ್ಲ ಕೂಡಿಕೊಂಡಿದ್ದವು. ಸಾವಿರ ಕಿಲೋಮೀಟರ್ ಓಡಿದ ಮೇಲೆ ದಾವಣಗೆರೆಯ ನನ್ನ ಯಂತ್ರದ ಮೇಲೆ ಮತ್ತೆ ಅಳೆದು, ಎರಡೂ ಪ್ರಿಂಟುಗಳನ್ನು ಸರ್ವೀಸ್ ಪುಸ್ತಕದ ಜೊತೆ ಪಿನ್ ಮಾಡಿ ಕೊಟ್ಟಿದ್ದೇನೆ.